ಸಲಹೆಗಾರರ ಬಿಲ್ ಅರ್ಧಕ್ಕೆ ಇಳಿದರೆ ಸರ್ಕಾರದ ಖರ್ಚೂ ಇಳಿಯುತ್ತಾ?

ಪ್ರಶ್ನೆ: ಸರ್ಕಾರಗಳ ಖರ್ಚಿನ ಪಟ್ಟಿಯಲ್ಲಿ ‘ವೃತ್ತಿಪರ ಶುಲ್ಕ’ ಎಂಬ ಸಾಲು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಇರುತ್ತದೆ. ಸಲಹೆಗಾರರು, ವಕೀಲರು, ಎಂಜಿನಿಯರಿಂಗ್ ಕಂಪನಿಗಳು, ಆಡಿಟ್ ಸಂಸ್ಥೆಗಳಿಗೆ ಕೊಡುವ ದುಡ್ಡು ಇದು. ಒಳಗೇ ಅಷ್ಟೊಂದು ನೌಕರರು ಇರುವಾಗ ಹೊರಗಿನವರು ಯಾಕೆ ಬೇಕು? ಈ ಖರ್ಚನ್ನು ಅರ್ಧಕ್ಕೆ ಇಳಿಸುತ್ತೇವೆ ಎಂದು ಸರ್ಕಾರ ಘೋಷಿಸಿದರೆ ನಂಬಬಹುದಾ? ತೆರಿಗೆ ಕಟ್ಟುವ ನನ್ನಂಥವರು ಏನು ಕೇಳಬೇಕು?

ಉತ್ತರ: ಮೂರು ಪ್ರಶ್ನೆ ಕೇಳಿದ್ದೀರಿ. ನಡುವಿನದಕ್ಕೆ ಮೊದಲು ಉತ್ತರಿಸುತ್ತೇನೆ. ಅಂಥ ಘೋಷಣೆಯನ್ನು ನಂಬಬಹುದು. ಆ ಸಾಲು ನಿಜಕ್ಕೂ ಇಳಿಯಬಹುದು. ಆದರೆ ಸಾಲು ಇಳಿಯುವುದು ಬೇರೆ, ಸರ್ಕಾರದ ಖರ್ಚು ಇಳಿಯುವುದು ಬೇರೆ. ಎಷ್ಟೋ ಸಲ ದುಡ್ಡು ಒಂದು ಸಾಲಿನಿಂದ ಎದ್ದು ಪಕ್ಕದ ಸಾಲಿಗೆ ಹೋಗಿ ಕೂರುತ್ತದೆ.

ಸರ್ಕಾರಿ ಗುತ್ತಿಗೆಗಳ ಕಡತ ಓದುವುದೇ ನನ್ನ ಕೆಲಸವಾಗಿ ಬಹಳ ವರ್ಷಗಳಾದವು. ಶುಲ್ಕದ ಸಾಲು ಉಬ್ಬಿರುವ ಕಡೆ ಹೋಗಿ ನೋಡಿದರೆ, ಅದರ ಹಿಂದೆ ಸಾಮಾನ್ಯವಾಗಿ ಒಂದು ಖಾಲಿ ಕುರ್ಚಿ ಇರುತ್ತದೆ. ಅಲ್ಲಿ ಕುಳಿತಿದ್ದವರಿಗೆ ಆ ಕೆಲಸ ಗೊತ್ತಿತ್ತು. ಹೊರಗಿನವರು ತಂದುಕೊಟ್ಟ ವರದಿ ಓದಿ, ‘ಇದು ಸರಿಯಿಲ್ಲ, ಮತ್ತೆ ಮಾಡಿಕೊಂಡು ಬನ್ನಿ’ ಎಂದು ಹೇಳಬಲ್ಲವರಾಗಿದ್ದರು. ಅವರು ನಿವೃತ್ತರಾದರು, ಜಾಗ ಹಾಗೇ ಉಳಿಯಿತು. ಆ ಕುರ್ಚಿಯನ್ನು ತುಂಬದೆ ಬಿಲ್ ಒಂದನ್ನೇ ಕತ್ತರಿಸಿದರೆ ಏನಾಗುತ್ತದೆ ಎನ್ನುವುದನ್ನೇ ಈ ಉತ್ತರದಲ್ಲಿ ಬಿಡಿಸಿ ಹೇಳಬೇಕೆಂದಿದ್ದೇನೆ.

ಮೊದಲು ಈ ಸಾಲಿನೊಳಗೆ ಏನೇನಿದೆ ನೋಡೋಣ. ಲೆಕ್ಕಪರಿಶೋಧಕರ ಶುಲ್ಕ, ವಕೀಲರ ಶುಲ್ಕ, ಸೇತುವೆ ಮತ್ತು ಕಟ್ಟಡಗಳ ವಿನ್ಯಾಸ, ಆಸ್ತಿಯ ಬೆಲೆ ಕಟ್ಟುವುದು, ಸಾಫ್ಟ್‌ವೇರ್, ಆಡಳಿತ ಸುಧಾರಣೆಯ ಸಲಹೆ, ಎಲ್ಲವೂ ಒಂದೇ ಚೀಲದಲ್ಲಿ ತುಂಬಿರುತ್ತವೆ. ಇವುಗಳಲ್ಲಿ ಕೆಲವು ಹೊರಗಿನಿಂದಲೇ ಬರಬೇಕು. ಸಂಸ್ಥೆಯ ಲೆಕ್ಕವನ್ನು ಅದರ ನೌಕರರೇ ನೋಡಿ ಸಹಿ ಹಾಕಿದರೆ ಆ ಸಹಿಗೆ ಬೆಲೆ ಇರುವುದಿಲ್ಲ. ಸುರಂಗದ ದಾರಿಯಲ್ಲಿರುವ ಬಂಡೆಯ ಗುಣ ಹೇಳಬಲ್ಲ ಭೂವಿಜ್ಞಾನಿ ಎಷ್ಟೋ ವರ್ಷಕ್ಕೊಮ್ಮೆ ಬೇಕಾಗುತ್ತಾರೆ. ಅವರಿಗೆ ಕಾಯಂ ಸಂಬಳ ಕೊಟ್ಟು ಇಟ್ಟುಕೊಂಡರೆ ದಂಡ. ಪಿಂಚಣಿ ನಿಧಿಯ ಲೆಕ್ಕ ಹಾಕುವ ಆಕ್ಚುವರಿ, ಅಂತರರಾಷ್ಟ್ರೀಯ ಮಧ್ಯಸ್ಥಿಕೆಯಲ್ಲಿ ವಾದಿಸುವ ವಕೀಲರು, ಇವರೂ ಹಾಗೇ. ಇಂಥ ಬಿಲ್ ನೋಡಿ ಸಿಟ್ಟಾಗಬೇಕಿಲ್ಲ.

ತೊಂದರೆ ಇರುವುದು ಇನ್ನೊಂದು ಗುಂಪಿನಲ್ಲಿ. ಸಲಹೆಗಾರ ಅಥವಾ ಗುತ್ತಿಗೆದಾರ ಎಂಬ ಹೆಸರಿನಲ್ಲಿ ಬರುತ್ತಾರೆ. ಕಚೇರಿಯ ಮೇಜಿನಲ್ಲೇ ಕೂರುತ್ತಾರೆ. ನೌಕರರು ಮಾಡುವ ಕೆಲಸವನ್ನೇ ವರ್ಷಗಟ್ಟಲೆ ಮಾಡುತ್ತಾರೆ. ಸಲಹೆ ಕೊಟ್ಟು ಎದ್ದು ಹೋಗುವವರಿಗೂ ಕುರ್ಚಿ ತುಂಬಲು ಬಂದವರಿಗೂ ಲೆಕ್ಕಪತ್ರದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಎರಡೂ ‘ಶುಲ್ಕ’.

ಆಸ್ಟ್ರೇಲಿಯಾ ಇದನ್ನು ಬಿಡಿಸಿ ನೋಡಿತು. 2023ರ ಮೇ ತಿಂಗಳಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಒಂದು ಲೆಕ್ಕ ಹೊರತಂದಿತು. 2021–22ರಲ್ಲಿ ಹೊರಗಿನ ದುಡಿಮೆಗೆ ಖರ್ಚಾದದ್ದು ಸುಮಾರು 2,080 ಕೋಟಿ ಆಸ್ಟ್ರೇಲಿಯನ್ ಡಾಲರ್. ಜನರ ಲೆಕ್ಕದಲ್ಲಿ ಹೇಳುವುದಾದರೆ ಅದು ಸುಮಾರು 54,000 ಪೂರ್ಣಾವಧಿ ನೌಕರರಿಗೆ ಸಮ. ಅದರಲ್ಲಿ ಸಲಹೆಗಾರರ ಪಾಲು ಸಣ್ಣದು. ಹೊರಗುತ್ತಿಗೆ ಸೇವೆ ಮತ್ತು ಗುತ್ತಿಗೆ ಕೆಲಸಗಾರರದ್ದೇ ಜಾಸ್ತಿ.

ಹೀಗೆ ಯಾಕಾಯಿತು? ನೌಕರರ ಸಂಖ್ಯೆಗೆ ಅಲ್ಲಿ ಒಂದು ಮಿತಿ ಹಾಕಿದ್ದರು. 2015ರ ಬಜೆಟ್‌ನಲ್ಲಿ ಬಂದ ನಿಯಮ ಅದು. ಸಿಬ್ಬಂದಿಯ ಸಂಖ್ಯೆ 2006–07ರ ಮಟ್ಟವನ್ನು ದಾಟಬಾರದು ಎಂದಿತ್ತು. ಆದರೆ ಕೆಲಸ 2006ರ ಮಟ್ಟದಲ್ಲಿ ನಿಲ್ಲುವುದಿಲ್ಲ, ಅಲ್ವಾ? ಜನ ಹೆಚ್ಚಿದರು, ಯೋಜನೆಗಳು ಹೆಚ್ಚಿದವು, ಎಲ್ಲವೂ ಕಂಪ್ಯೂಟರ್‌ಗೆ ಬಂತು. ಮಿತಿ ಇದ್ದದ್ದು ನೌಕರರ ತಲೆ ಎಣಿಕೆಗೆ ಮಾತ್ರ. ಹೊರಗಿನವರಿಗೆ ದುಡ್ಡು ಕೊಡಲು ಅಂಥ ಮಿತಿ ಇರಲಿಲ್ಲ. ಹಾಗಾಗಿ ಇಲಾಖೆಗಳು ತಮಗೆ ತೆರೆದಿದ್ದ ಬಾಗಿಲಿನಿಂದಲೇ ಜನರನ್ನು ಕರೆಸಿಕೊಂಡವು. ಸರ್ಕಾರಿ ಸೇವೆಯನ್ನು ಪರಿಶೀಲಿಸಲು ನೇಮಿಸಿದ್ದ ಡೇವಿಡ್ ಥೋಡಿ ನೇತೃತ್ವದ ಸಮಿತಿ ಈ ಮಿತಿಯನ್ನು ತೆಗೆಯಿರಿ ಎಂದು 2019ರಲ್ಲೇ ಹೇಳಿತ್ತು. ಆಗಿನ ಸರ್ಕಾರ ತೆಗೆಯಲಿಲ್ಲ. ಮುಂದೆ ಬಂದ ಸರ್ಕಾರ ತೆಗೆಯಿತು.

ಮಿತಿ ಹಾಕಿದವರ ಉದ್ದೇಶ ಖರ್ಚು ಉಳಿಸುವುದೇ ಆಗಿತ್ತು. ಸಂಬಳದ ಸಾಲು ಎಲ್ಲರ ಕಣ್ಣಿಗೆ ಬೀಳುತ್ತದೆ. ನೌಕರರನ್ನು ಒಮ್ಮೆ ತೆಗೆದುಕೊಂಡರೆ ಮೂವತ್ತು ವರ್ಷ ಸಂಬಳ, ಆಮೇಲೆ ಪಿಂಚಣಿ. ಶುಲ್ಕ ಮಾತ್ರ ‘ತಾತ್ಕಾಲಿಕ’ ಎಂದು ಕಾಣುತ್ತದೆ. ಈ ವರ್ಷ ಕೊಟ್ಟರೆ ಮುಗಿಯಿತು ಅನ್ನಿಸುತ್ತದೆ. ಆದರೆ ಆ ತಾತ್ಕಾಲಿಕ ಗುತ್ತಿಗೆ ಐದನೇ ಸಲ ಮುಂದುವರಿದಾಗ ಅದನ್ನು ಏನೆಂದು ಕರೆಯಬೇಕು?

ಹಾಗಾದರೆ ಹೊರಗಿನವರು ಯಾವಾಗಲೂ ದುಬಾರಿಯೇ? ಇಲ್ಲ. ಇಲ್ಲಿ ನ್ಯಾಯವಾಗಿ ಲೆಕ್ಕ ಹಾಕಬೇಕು. ಕೆನಡಾದ ಒಂದು ಪ್ರಕರಣದಲ್ಲಿ ಒಳ್ಳೆಯ ಅಂಕಿಗಳು ಸಿಗುತ್ತವೆ. ಅಲ್ಲಿನ ಮಹಾಲೇಖಪಾಲರಾದ ಕ್ಯಾರೆನ್ ಹೋಗನ್ 2024ರ ಫೆಬ್ರವರಿಯಲ್ಲಿ ‘ಅರೈವ್‌ಕ್ಯಾನ್’ ಎಂಬ ಆ್ಯಪ್ ಬಗ್ಗೆ ವರದಿ ಕೊಟ್ಟರು. ಕೋವಿಡ್ ಸಮಯದಲ್ಲಿ ಗಡಿ ದಾಟಿ ಬರುವವರ ವಿವರ ತೆಗೆದುಕೊಳ್ಳಲು ಮಾಡಿಸಿದ ಆ್ಯಪ್ ಅದು. ಅದಕ್ಕೆ ಕೆಲಸ ಮಾಡಿದ ಹೊರಗಿನವರ ಸರಾಸರಿ ದಿನದ ದರ 1,090 ಕೆನಡಿಯನ್ ಡಾಲರ್. ಅದೇ ಬಗೆಯ ಕೆಲಸ ಮಾಡುವ ಸರ್ಕಾರಿ ನೌಕರರಿಗೆ ದಿನಕ್ಕೆ ತಗಲುತ್ತಿದ್ದದ್ದು 675 ಡಾಲರ್.

ಈಗ ಈ ಎರಡು ಅಂಕಿ ಇಟ್ಟುಕೊಂಡು ನಾವೇ ಒಂದು ಲೆಕ್ಕ ಮಾಡೋಣ. ವರ್ಷಕ್ಕೆ 220 ಕೆಲಸದ ದಿನ ಎಂದುಕೊಳ್ಳಿ. ನೌಕರರಿಗೆ ಕೆಲಸ ಇರಲಿ ಬಿಡಲಿ, 220 ದಿನದ ಖರ್ಚು ಬಂದೇ ಬರುತ್ತದೆ. ಅಂದರೆ 1,48,500 ಡಾಲರ್. ಹೊರಗಿನವರಿಗೆ ಬಂದ ದಿನಕ್ಕೆ ಮಾತ್ರ ದುಡ್ಡು. 1,48,500ನ್ನು 1,090ರಿಂದ ಭಾಗಿಸಿದರೆ ಸುಮಾರು 136 ದಿನ. ವರ್ಷಕ್ಕೆ 136 ದಿನಕ್ಕಿಂತ ಕಡಿಮೆ ಕೆಲಸ ಇದ್ದರೆ ಹೊರಗಿನವರೇ ಅಗ್ಗ. ಅದಕ್ಕಿಂತ ಜಾಸ್ತಿ ಇದ್ದರೆ ನೌಕರರು ಅಗ್ಗ. ಎರಡು ಮೂರು ವರ್ಷ ಬಿಡುವಿಲ್ಲದೆ ನಡೆಯುವ ಕೆಲಸಕ್ಕೆ ಹೊರಗಿನವರನ್ನು ಕೂರಿಸಿದರೆ, ದಿನಕ್ಕೆ 415 ಡಾಲರ್‌ನಂತೆ ಸುಮ್ನೆ ಹೆಚ್ಚು ಕೊಟ್ಟಂತೆ. ಪ್ರತಿ ಇಲಾಖೆಯೂ ತನ್ನ ಅಂಕಿಗಳನ್ನು ಹಾಕಿ ಈ ಲೆಕ್ಕವನ್ನು ಹತ್ತು ನಿಮಿಷದಲ್ಲಿ ಮಾಡಬಹುದು. ನಾನು ಓದಿದ ಕಡತಗಳಲ್ಲಿ ಇದನ್ನು ಮಾಡಿದ್ದವು ಬೆರಳೆಣಿಕೆಯಷ್ಟು.

ಅದೇ ಕೆನಡಾ ಪ್ರಕರಣವನ್ನು ಇನ್ನೂ ಸ್ವಲ್ಪ ನೋಡಬೇಕು. ದರಕ್ಕಿಂತ ದೊಡ್ಡ ಪಾಠ ಅದರಲ್ಲಿದೆ. ಆ್ಯಪ್‌ಗೆ ಒಟ್ಟು ಎಷ್ಟು ಖರ್ಚಾಯಿತು ಎಂದು ಖಚಿತವಾಗಿ ಹೇಳಲು ಮಹಾಲೇಖಪಾಲರಿಗೇ ಆಗಲಿಲ್ಲ. ದಾಖಲೆಗಳು ಅಷ್ಟು ಕೆಟ್ಟದಾಗಿದ್ದವು. ಸುಮಾರು 5.95 ಕೋಟಿ ಡಾಲರ್ ಎಂದು ಅಂದಾಜು ಮಾಡಿದರು. ಅದರಲ್ಲಿ ಸುಮಾರು 1.91 ಕೋಟಿ ಹೋದದ್ದು ಕೈಬೆರಳಲ್ಲಿ ಎಣಿಸುವಷ್ಟು ಜನರಿದ್ದ ಒಂದು ಪುಟ್ಟ ಕಂಪನಿಗೆ. ಮುಂದೆ ಟೆಂಡರ್ ಕರೆದಾಗ, ಅದರ ಷರತ್ತುಗಳನ್ನು ರೂಪಿಸುವುದರಲ್ಲೂ ಅದೇ ಕಂಪನಿಯ ಕೈ ಇತ್ತು. ಟೆಂಡರ್ ಗೆದ್ದದ್ದೂ ಅದೇ. ಆ್ಯಪ್ 177 ಸಲ ಹೊಸ ರೂಪದಲ್ಲಿ ಬಿಡುಗಡೆಯಾಯಿತು. ಹಲವು ಸಲ ಪರೀಕ್ಷೆ ಮಾಡಿದ ದಾಖಲೆಯೇ ಇಲ್ಲ. 2022ರ ಜೂನ್‌ನಲ್ಲಿ ಬಂದ ಒಂದು ರೂಪ ಸುಮಾರು 10,000 ಪ್ರಯಾಣಿಕರಿಗೆ ಕ್ವಾರಂಟೈನ್ ಆಗಿ ಎಂದು ತಪ್ಪಾಗಿ ಹೇಳಿತು.

ಇಲ್ಲಿ ದಿನದ ದರವನ್ನು 1,090ರಿಂದ 900ಕ್ಕೆ ಇಳಿಸಿದ್ದರೆ ಏನು ಬದಲಾಗುತ್ತಿತ್ತು? ಬಹಳ ಕಡಿಮೆ. ಬೇಕಾದದ್ದು ಏನು ಎಂದು ಬರೆಯುವವರು, ಬಂದ ಕೆಲಸವನ್ನು ಪರೀಕ್ಷಿಸುವವರು, ಬಿಲ್ ಜೊತೆ ಕೆಲಸವನ್ನು ಹೊಂದಿಸಿ ನೋಡುವವರು, ಈ ಮೂರು ಕೆಲಸಕ್ಕೆ ಸರ್ಕಾರದ ಕಡೆ ಗಟ್ಟಿ ಜನ ಬೇಕಿತ್ತು. ಸಾವಿರ ಕೋಟಿಯ ಗುತ್ತಿಗೆ ಇರಲಿ, ಹತ್ತು ಲಕ್ಷದ್ದಿರಲಿ, ಈ ಮೂರೂ ಕೆಲಸ ಒಳಗಿನವರ ಕೈಯಲ್ಲೇ ಉಳಿಯಬೇಕು. ಉಳಿದದ್ದನ್ನು ಹೊರಗೆ ಕೊಡಬಹುದು.

ಇದಕ್ಕೆ ಒಳ್ಳೆಯ ಉದಾಹರಣೆಯೂ ಇದೆ. 1995ರಿಂದ 2003ರವರೆಗೆ ಮ್ಯಾಡ್ರಿಡ್ ನಗರ ನೂರಕ್ಕೂ ಹೆಚ್ಚು ಕಿಲೋಮೀಟರ್ ಮೆಟ್ರೊ ಮಾರ್ಗ ಕಟ್ಟಿತು. ಬೇರೆ ದೇಶಗಳು ಆಶ್ಚರ್ಯಪಡುವಷ್ಟು ಬೇಗ ಮತ್ತು ಅಗ್ಗವಾಗಿ ಕಟ್ಟಿತು. ಅದರ ಹೊಣೆ ಹೊತ್ತವರು ಮನುವೆಲ್ ಮೆಲಿಸ್ ಎಂಬ ಎಂಜಿನಿಯರ್. ಯೋಜನೆಯ ನಿರ್ವಹಣೆಯನ್ನು ಅವರು ಸಲಹಾ ಕಂಪನಿಗೆ ಒಪ್ಪಿಸಲಿಲ್ಲ. ಸರ್ಕಾರದ್ದೇ ಆದ ಸಣ್ಣ, ಅನುಭವಿ ಎಂಜಿನಿಯರ್‌ಗಳ ತಂಡ ಇಟ್ಟುಕೊಂಡರು. ತೀರ್ಮಾನಗಳು ಅಲ್ಲಲ್ಲೇ ಆಗುತ್ತಿದ್ದವು. ಗುತ್ತಿಗೆದಾರರನ್ನು ಆರಿಸುವಾಗ ಬೆಲೆ ಒಂದನ್ನೇ ನೋಡಲಿಲ್ಲ. ಸುರಂಗ ಅಗೆದದ್ದು ಖಾಸಗಿ ಕಂಪನಿಗಳೇ. ಆದರೆ ಅವರ ಕೆಲಸವನ್ನು ಅಳೆಯುವ ಕಣ್ಣು ಸರ್ಕಾರದ್ದಾಗಿತ್ತು.

ಇದರ ಪಕ್ಕದಲ್ಲಿ ಕ್ಯಾಲಿಫೋರ್ನಿಯಾದ ಅತಿವೇಗದ ರೈಲು ಯೋಜನೆಯನ್ನು ಇಟ್ಟು ನೋಡಿ. 2018ರ ನವೆಂಬರ್‌ನಲ್ಲಿ ಆ ರಾಜ್ಯದ ಆಡಿಟರ್ ಕೊಟ್ಟ ವರದಿ, ಗುತ್ತಿಗೆಗಳನ್ನು ನೋಡಿಕೊಳ್ಳುವ ಕೆಲಸಕ್ಕೂ ಯೋಜನೆ ನಡೆಸುವ ಸರ್ಕಾರಿ ಪ್ರಾಧಿಕಾರ ಹೊರಗಿನ ಸಲಹೆಗಾರರನ್ನೇ ಅತಿಯಾಗಿ ನೆಚ್ಚಿಕೊಂಡಿದೆ ಎಂದು ಟೀಕಿಸಿತು. ಗುತ್ತಿಗೆದಾರರ ಮೇಲೆ ಕಣ್ಣಿಡುವವರೂ ಗುತ್ತಿಗೆಯವರೇ ಆದರೆ ಬೇಡ ಎನ್ನುವವರು ಯಾರು?

ಸಲಹೆಗಾರರನ್ನು ಕಳ್ಳರೆಂದು ಚಿತ್ರಿಸುವುದು ನನಗೆ ಒಪ್ಪಿಗೆಯಿಲ್ಲ. ಅವರಲ್ಲಿ ಬಹಳ ಜನ ಕಷ್ಟಪಟ್ಟು ದುಡಿಯುವವರು, ತಮ್ಮ ವಿಷಯ ಬಲ್ಲವರು. ಆದರೆ ಅವರ ಕಂಪನಿಗೆ ಮುಂದಿನ ಗುತ್ತಿಗೆ ಬೇಕು. ಈ ಕೆಲಸ ಮುಗಿಸಿ ಹೊರಡುವುದಕ್ಕಿಂತ ಇನ್ನೊಂದು ಕೆಲಸ ತೋರಿಸುವುದರಲ್ಲಿ ಅವರಿಗೆ ಲಾಭ. ಇದನ್ನು ತಡೆಯಬೇಕಾದವರು ಕೊಳ್ಳುವವರು. ಇಂಗ್ಲೆಂಡ್‌ನ ಸುಮಾರು 120 ಆಸ್ಪತ್ರೆ ಟ್ರಸ್ಟ್‌ಗಳ (ಸರ್ಕಾರಿ ಆಸ್ಪತ್ರೆಗಳನ್ನು ನಡೆಸುವ ಸಂಸ್ಥೆಗಳು) ಖರ್ಚನ್ನು ಇಟ್ಟುಕೊಂಡು ನಡೆಸಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಆಡಳಿತ ಸಲಹೆಗೆ ಜಾಸ್ತಿ ಖರ್ಚು ಮಾಡಿದ ಕಡೆ ದಕ್ಷತೆ ಹೆಚ್ಚಲಿಲ್ಲ, ಸರಾಸರಿಯಲ್ಲಿ ಕಡಿಮೆಯೇ ಆಯಿತು ಎಂದು ಅದು ಹೇಳಿತು. ಕೆಲವು ಟ್ರಸ್ಟ್‌ಗಳಿಗೆ ಲಾಭವೂ ಆಗಿತ್ತು ಎನ್ನುವುದನ್ನು ಇಲ್ಲಿ ಮರೆಯಬಾರದು.

ಫ್ರಾನ್ಸ್‌ನಲ್ಲಿ ಇದು ದೊಡ್ಡ ರಾಜಕೀಯ ವಿಷಯವೇ ಆಯಿತು. ಅಲ್ಲಿನ ಸೆನೆಟ್ 2022ರ ಮಾರ್ಚ್‌ನಲ್ಲಿ ತನಿಖಾ ವರದಿ ಹೊರತಂದಿತು. 2021ರಲ್ಲಿ ಸಲಹೆಗೆ ಖರ್ಚಾದದ್ದು 100 ಕೋಟಿ ಯೂರೊಗಿಂತ ಹೆಚ್ಚು. ಶಿಕ್ಷಕ ವೃತ್ತಿಯ ಭವಿಷ್ಯದ ಬಗ್ಗೆ ಒಂದು ಕೆಲಸಕ್ಕೆ ಮೆಕಿನ್ಸೆ ಎಂಬ ಸಲಹಾ ಕಂಪನಿಗೆ 4,96,800 ಯೂರೊ ಕೊಟ್ಟಿದ್ದರು. ಅದರಿಂದ ಬಂದ ಫಲ ತೀರಾ ಕಡಿಮೆ. ನನ್ನ ಮನಸ್ಸಿನಲ್ಲಿ ಉಳಿದದ್ದು ವರದಿಯ ಇನ್ನೊಂದು ಅಂಶ. ಸಲಹೆಗಾರರು ತಯಾರಿಸಿದ ಕೆಲವು ದಾಖಲೆಗಳಲ್ಲಿ ಅವರ ಗುರುತೇ ಇರಲಿಲ್ಲ, ಸರ್ಕಾರದ ಲಾಂಛನ ಇತ್ತು. ಅಂದರೆ ಓದಿದವರಿಗೆ ಇದು ಅಧಿಕಾರಿಗಳ ಮಾತೋ ಕಂಪನಿಯ ಮಾತೋ ಗೊತ್ತಾಗುವುದಿಲ್ಲ. ಖರ್ಚು ಮರೆಯಾದರೆ ಹೊಣೆಯೂ ಮರೆಯಾಗುತ್ತದೆ.

ಕೆಲವು ಸಲ ಶುಲ್ಕ ಚಿಕ್ಕದಿರುತ್ತದೆ, ನಷ್ಟ ದೊಡ್ಡದಿರುತ್ತದೆ. ಆಸ್ಟ್ರೇಲಿಯಾದಲ್ಲಿ ಬಹುರಾಷ್ಟ್ರೀಯ ಕಂಪನಿಗಳ ತೆರಿಗೆ ತಪ್ಪಿಸುವಿಕೆ ತಡೆಯಲು ಸರ್ಕಾರ ಕಾನೂನು ರೂಪಿಸುತ್ತಿತ್ತು. ಅದಕ್ಕೆ ಸಲಹೆ ಕೊಡುತ್ತಿದ್ದವರಲ್ಲಿ ಪಿಡಬ್ಲ್ಯುಸಿ ಎಂಬ ದೊಡ್ಡ ಆಡಿಟ್ ಮತ್ತು ಸಲಹಾ ಸಂಸ್ಥೆಯ ಪಾಲುದಾರರೊಬ್ಬರೂ ಇದ್ದರು. ಗುಟ್ಟಾಗಿ ಇಡಬೇಕಾದ ಮಾಹಿತಿಯನ್ನು ಅವರು ತಮ್ಮ ಸಂಸ್ಥೆಯೊಳಗೆ ಹಂಚಿಕೊಂಡರು. ಇದು 2023ರಲ್ಲಿ ಬಯಲಾಯಿತು. ಕೊನೆಗೆ ಆ ಸಂಸ್ಥೆ ತನ್ನ ಆಸ್ಟ್ರೇಲಿಯಾದ ಸರ್ಕಾರಿ ಸಲಹಾ ವ್ಯವಹಾರವನ್ನೇ ಒಂದು ಡಾಲರ್‌ಗೆ ಮಾರಬೇಕಾಯಿತು. ಇಂಥ ಕಡೆ ಸಲಹೆಯ ದಿನದ ದರ ಎಷ್ಟಿತ್ತು ಎಂದು ಚರ್ಚೆ ಮಾಡಿ ಏನು ಬಂತು? ಒಂದೇ ಸಂಸ್ಥೆ ಬೆಳಿಗ್ಗೆ ಕಾನೂನು ಬರೆಯಲು ನೆರವಾಗಿ, ಮಧ್ಯಾಹ್ನ ಅದರಿಂದ ತಪ್ಪಿಸಿಕೊಳ್ಳುವವರಿಗೆ ನೆರವಾಗಬಹುದೇ ಎನ್ನುವುದೇ ಮೊದಲು ಕೇಳಬೇಕಾದ ಪ್ರಶ್ನೆ.

ಇನ್ನು ಶುಲ್ಕವನ್ನು ಯಾವ ರೀತಿಯಲ್ಲಿ ಕೊಡುತ್ತೇವೆ ಎನ್ನುವ ವಿಷಯ. ಜನರ ಗಮನ ಇಲ್ಲಿಗೆ ಬರುವುದೇ ಇಲ್ಲ. ಗಂಟೆಗೆ ಇಷ್ಟು ಎಂದು ಕೊಟ್ಟರೆ ಗಂಟೆಗಳು ಬೆಳೆಯುತ್ತವೆ. ವಕೀಲರಿಗೆ ಹಾಜರಾದ ದಿನಕ್ಕೆ ಇಷ್ಟು ಎಂದರೆ, ವಿಚಾರಣೆ ಮುಂದಕ್ಕೆ ಹೋದ ದಿನಕ್ಕೂ ಬಿಲ್ ಬರುತ್ತದೆ. ಅದಕ್ಕಿಂತ ಹಂತಕ್ಕೆ ಇಷ್ಟು ಎಂದು ಕಟ್ಟುವುದು ವಾಸಿ. ಅರ್ಜಿ, ಸಾಕ್ಷ್ಯ, ವಾದ, ತೀರ್ಪು, ಹೀಗೆ. ಅದಕ್ಕೂ ಮೊದಲು ಈ ಮೊಕದ್ದಮೆ ನಡೆಸಲೇಬೇಕಾ ಎಂದು ಒಳಗಿನ ಕಾನೂನು ಅಧಿಕಾರಿಯೊಬ್ಬರು ಬರೆದು ಸಹಿ ಹಾಕಬೇಕು. ಸೋಲುವ ಮೊಕದ್ದಮೆಯನ್ನು ಎಷ್ಟು ಅಗ್ಗವಾಗಿ ನಡೆಸಿದರೂ ದಂಡವೇ.

ಎಂಜಿನಿಯರಿಂಗ್‌ನಲ್ಲಿ ಹಳೆಯ ರೂಢಿ, ಕಾಮಗಾರಿಯ ವೆಚ್ಚದಲ್ಲಿ ಇಂತಿಷ್ಟು ಶೇಕಡ ಎಂದು ಶುಲ್ಕ ಕೊಡುವುದು. ಲೆಕ್ಕ ಸುಲಭ. ಆದರೆ ಸೇತುವೆಯ ವೆಚ್ಚ ಹೆಚ್ಚಿದಂತೆ ವಿನ್ಯಾಸಕಾರರ ಶುಲ್ಕವೂ ಹೆಚ್ಚುತ್ತದೆ. ತಲೆ ಓಡಿಸಿ ವೆಚ್ಚ ತಗ್ಗಿಸಿದವರ ಸಂಪಾದನೆ ತಗ್ಗುತ್ತದೆ. ಅಮೆರಿಕದ ಕೇಂದ್ರ ಸರ್ಕಾರದ ಕಾನೂನು, ಸೇನೆಯದಲ್ಲದ ಇಲಾಖೆಗಳ ವಿನ್ಯಾಸದ ಶುಲ್ಕಕ್ಕೆ ಕಾಮಗಾರಿಯ ಅಂದಾಜು ವೆಚ್ಚದ ಶೇ 6 ಎಂಬ ಮಿತಿ ಹಾಕಿದೆ. ಅದೇ ದೇಶದ 1972ರ ಬ್ರೂಕ್ಸ್ ಕಾಯ್ದೆ ಇನ್ನೊಂದು ವಿಷಯ ಹೇಳುತ್ತದೆ. ವಿನ್ಯಾಸಕಾರರನ್ನು ಮೊದಲು ಯೋಗ್ಯತೆ ನೋಡಿ ಆರಿಸಿ, ಆಮೇಲೆ ಬೆಲೆ ಮಾತಾಡಿ ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ ಅದರ ಹಿಂದಿನ ಆಲೋಚನೆ ತಿಳಿಯುತ್ತದೆ. ಅಗ್ಗದ ವಿನ್ಯಾಸ ಬೇಡ, ಮಿತಿಯಿಲ್ಲದ ಶುಲ್ಕವೂ ಬೇಡ. ವಿನ್ಯಾಸದಲ್ಲಿ ಉಳಿಸಿದ ಒಂದು ರೂಪಾಯಿ ಕಾಮಗಾರಿಯಲ್ಲಿ ಹತ್ತಾಗಿ ಕಳೆದುಹೋಗುವುದನ್ನು ಕಣ್ಣಾರೆ ಕಂಡವನು ನಾನು. ಹಾಗಾಗಿ ವಿನ್ಯಾಸದ ಶುಲ್ಕವನ್ನು ಕಣ್ಣು ಮುಚ್ಚಿ ಅರ್ಧ ಮಾಡಿ ಎನ್ನುವವರ ಜೊತೆ ನಾನಿಲ್ಲ.

‘ನಮ್ಮಿಂದ ನಿಮಗೆ ಎಷ್ಟು ಉಳಿತಾಯವಾಗುತ್ತದೋ ಅದರಲ್ಲಿ ಪಾಲು ಕೊಡಿ ಸಾಕು’ ಎಂಬ ಮಾತು ಕೇಳಲು ಚೆನ್ನಾಗಿರುತ್ತದೆ. ಅಪಾಯ ಪೂರ್ತಿ ಸಲಹೆಗಾರರದ್ದೇ ಎಂದು ಕಾಣುತ್ತದೆ. ದಕ್ಷಿಣ ಆಫ್ರಿಕಾದ ವಿದ್ಯುತ್ ಸಂಸ್ಥೆ ಎಸ್ಕಾಮ್ ಮೆಕಿನ್ಸೆ ಜೊತೆ ಇಂಥದ್ದೇ ಒಪ್ಪಂದ ಮಾಡಿಕೊಂಡಿತ್ತು. ಹೀಗೆ ಶುಲ್ಕ ಕೊಡಲು ಅಲ್ಲಿನ ಖಜಾನೆಯ ಒಪ್ಪಿಗೆ ಬೇಕಿತ್ತು, ಅದು ಇರಲಿಲ್ಲ. ಕೊನೆಗೆ ಮೆಕಿನ್ಸೆ 2018ರಲ್ಲಿ ಬಡ್ಡಿ ಸೇರಿ ಸುಮಾರು 100 ಕೋಟಿ ರಾಂಡ್ ವಾಪಸ್ ಕೊಟ್ಟಿತು. ಇಂಥ ಒಪ್ಪಂದದಲ್ಲಿ ಉಳಿತಾಯ ಎಷ್ಟು ಎಂದು ಅಳೆಯುವವರು ಯಾರು ಎನ್ನುವುದರ ಮೇಲೆ ಎಲ್ಲವೂ ನಿಂತಿರುತ್ತದೆ. ಅಳೆಯಲು ಒಳಗೆ ಜನ ಇಲ್ಲದಿದ್ದರೆ ಸಲಹೆಗಾರರ ಲೆಕ್ಕವನ್ನೇ ಒಪ್ಪಿಕೊಳ್ಳಬೇಕಾಗುತ್ತದೆ.

ಈಗ ನಿಯಂತ್ರಣದ ವಿಷಯಕ್ಕೆ ಬರೋಣ. ಬ್ರಿಟನ್ ಈ ದಾರಿಯಲ್ಲಿ ಹಲವು ಸಲ ನಡೆದು ನೋಡಿದೆ. 2010ರಲ್ಲಿ ಬಂದ ಸಮ್ಮಿಶ್ರ ಸರ್ಕಾರ ಸಲಹಾ ಗುತ್ತಿಗೆಗಳಿಗೆ ಕೇಂದ್ರದ ಒಪ್ಪಿಗೆ ಕಡ್ಡಾಯ ಮಾಡಿತು. ಖರ್ಚು ಇಳಿಯಿತು. ವರ್ಷಗಳು ಕಳೆದಂತೆ ಮತ್ತೆ ಏರಿತು. 2021ರಲ್ಲಿ ಸರ್ಕಾರದ ಒಳಗೇ ಸಲಹೆಗಾರರ ಒಂದು ತಂಡ ಕಟ್ಟಿದರು. 2023ರ ಆರಂಭದಲ್ಲಿ ಅದನ್ನು ಮುಚ್ಚಿದರು. ಎರಡು ವರ್ಷವೂ ಆಗದೆ ಅಂಥ ತಂಡದಿಂದ ಫಲ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಅಧಿಕಾರಿಗಳಿಗೆ ಅದರ ಮೇಲೆ ನಂಬಿಕೆ ಬರಲೇ ಅಷ್ಟು ಸಮಯ ಬೇಕು.

2024ರ ನವೆಂಬರ್‌ನಲ್ಲಿ ಅಲ್ಲಿ ಹೊಸ ನಿಯಮ ಬಂತು. ಸಲಹಾ ಗುತ್ತಿಗೆ 6 ಲಕ್ಷ ಪೌಂಡ್ ದಾಟಿದರೆ ಅಥವಾ 9 ತಿಂಗಳು ದಾಟಿದರೆ ಮಂತ್ರಿಯೇ ಸಹಿ ಹಾಕಬೇಕು. 1 ಲಕ್ಷ ಪೌಂಡ್ ಅಥವಾ 3 ತಿಂಗಳು ದಾಟಿದರೆ ಇಲಾಖೆಯ ಮುಖ್ಯ ಅಧಿಕಾರಿ ಸಹಿ ಹಾಕಬೇಕು. 2026ರ ಹೊತ್ತಿಗೆ 120 ಕೋಟಿ ಪೌಂಡ್ ಉಳಿಸುವ ಗುರಿ ಇಟ್ಟರು. ಈ ನಿಯಮದಲ್ಲಿ ನನಗೆ ತುಂಬಾ ಹಿಡಿಸಿದ್ದು ತಿಂಗಳ ಲೆಕ್ಕ. ದುಡ್ಡಿನ ಮಿತಿಯನ್ನು ತಪ್ಪಿಸಿಕೊಳ್ಳುವುದು ಸುಲಭ. ಒಂದು ಕೆಲಸವನ್ನು ಮೂರು ತುಂಡು ಮಾಡಿ ಮೂರು ವರ್ಕ್ ಆರ್ಡರ್ ಕೊಟ್ಟರೆ ಮುಗಿಯಿತು. ಒಬ್ಬರೇ ಒಂಬತ್ತು ತಿಂಗಳಿಂದ ಇಲ್ಲೇ ಇದ್ದಾರೆ ಎನ್ನುವುದನ್ನು ಅಷ್ಟು ಸುಲಭವಾಗಿ ಮುಚ್ಚಿಡಲಾಗದು. ಮೊದಲು ಮಾಡಿದ 136 ದಿನದ ಲೆಕ್ಕ ನೆನಪಿದೆಯಲ್ಲ, ತಿಂಗಳ ಮಿತಿ ಹಿಡಿಯುವುದು ಅದನ್ನೇ.

ಆದರೆ ಸಹಿಗಳ ಸಂಖ್ಯೆ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ತಿಳಿಯಬೇಡಿ. ಭಾರತದ 2017ರ ಸಾಮಾನ್ಯ ಹಣಕಾಸು ನಿಯಮಗಳನ್ನು ನೋಡಿ. ಇಲಾಖೆಯಲ್ಲಿ ಬೇಕಾದ ಪರಿಣತಿ ಇಲ್ಲದ ಕೆಲಸಕ್ಕೆ ಮಾತ್ರ ಸಲಹೆಗಾರರನ್ನು ತೆಗೆದುಕೊಳ್ಳಬಹುದು ಎಂದು ಬರೆದಿದೆ. ಸಲಹೆಗಾರರ ಕೆಲಸದ ಉದ್ದಕ್ಕೂ ಇಲಾಖೆ ಜೊತೆಗಿದ್ದು ಗಮನಿಸಬೇಕು ಎಂದೂ ಬರೆದಿದೆ. ದಕ್ಷಿಣ ಆಫ್ರಿಕಾದ ಖಜಾನೆಯ ಸೂಚನೆಯೂ ಹೀಗೇ ಇದೆ. ಒಳಗೆ ಕೌಶಲ ಇಲ್ಲ ಎಂದು ಪರಿಶೀಲಿಸಿದ ಮೇಲೆಯೇ ಹೊರಗೆ ಹೋಗಬೇಕು. ನಿಯಮ ಎಲ್ಲ ಕಡೆ ಚೆನ್ನಾಗಿದೆ. ಆದರೆ ‘ಇಲಾಖೆಯಲ್ಲಿ ಪರಿಣತಿ ಲಭ್ಯವಿಲ್ಲ’ ಎಂಬ ಒಂದೇ ವಾಕ್ಯ ಒಂದು ಕಡತದಿಂದ ಇನ್ನೊಂದಕ್ಕೆ ನಕಲಾಗುತ್ತಾ ಹೋಗುತ್ತದೆ. ಯಾರನ್ನು ಕೇಳಿದರು, ಯಾವ ಇಲಾಖೆಯಲ್ಲಿ ಹುಡುಕಿದರು, ಏನೂ ಇರುವುದಿಲ್ಲ. ಒಂದು ಕಚೇರಿಯಲ್ಲಿ ನಾನು ಇದರ ಕೊನೆಯನ್ನು ಕಂಡೆ. ಒಂದೇ ವಿಷಯದ ಅಧ್ಯಯನವನ್ನು ನಾಲ್ಕು ವರ್ಷದ ಅಂತರದಲ್ಲಿ ಎರಡು ಕಂಪನಿಗಳಿಂದ ಮಾಡಿಸಿದ್ದರು. ಮೊದಲ ವರದಿ ಅದೇ ಕಟ್ಟಡದ ಬೀರುವಿನಲ್ಲಿತ್ತು. ಅದನ್ನು ಓದಿದ್ದವರು ಯಾರೂ ಆ ಕಚೇರಿಯಲ್ಲಿ ಉಳಿದಿರಲಿಲ್ಲ. ಆ ದಿನ ನನಗೆ ಬೇಸರಕ್ಕಿಂತ ದುಃಖವೇ ಜಾಸ್ತಿ ಆಯಿತು.

ಆರ್ಥಿಕ ವರ್ಷದ ಕೊನೆಯ ವಾರದ ಬಗ್ಗೆಯೂ ಒಂದು ಮಾತು. ಖರ್ಚಾಗದೆ ಉಳಿದ ದುಡ್ಡು ಕೈತಪ್ಪಿ ಹೋಗುತ್ತದೆ ಎಂಬ ಭಯದಲ್ಲಿ ಗುತ್ತಿಗೆಗಳು ಸಾಲುಸಾಲಾಗಿ ಹೊರಡುತ್ತವೆ. ಅಮೆರಿಕದ ಕೇಂದ್ರ ಸರ್ಕಾರದ ಖರೀದಿಗಳ ಮೇಲೆ 2017ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ವರ್ಷದ ಕೊನೆಯ ವಾರದ ಖರ್ಚು ಬೇರೆ ವಾರಗಳ ಸರಾಸರಿಯ 4.9 ಪಟ್ಟು ಇತ್ತು. ಆ ವಾರ ಶುರುವಾದ ಐಟಿ ಯೋಜನೆಗಳ ಗುಣಮಟ್ಟವೂ ಕಡಿಮೆ ಇತ್ತು. ರಸ್ತೆ ಮಾಡಿಸಲು ಜಾಗ ಬೇಕು, ಜಲ್ಲಿ ಬೇಕು. ಸಲಹೆಗೆ ಒಂದು ಸಹಿ ಸಾಕು. ಹಾಗಾಗಿ ಕೊನೆಯ ವಾರದ ದುಡ್ಡು ಇತ್ತ ಕಡೆಗೇ ಸುಲಭವಾಗಿ ಹರಿಯುತ್ತದೆ. ಉಳಿದ ದುಡ್ಡಿನ ಒಂದು ಭಾಗವನ್ನಾದರೂ ಮುಂದಿನ ವರ್ಷಕ್ಕೆ ಒಯ್ಯಲು ಬಿಟ್ಟರೆ ಈ ಒತ್ತಡ ಇಳಿಯುತ್ತದೆ ಎಂದು ಅದೇ ಸಂಶೋಧನೆ ಸೂಚಿಸಿದೆ. ನನ್ನ ಅನುಭವವೂ ಅದೇ.

ನಿಮ್ಮ ಕೊನೆಯ ಪ್ರಶ್ನೆ, ಏನು ಕೇಳಬೇಕು ಎನ್ನುವುದು. ಶುಲ್ಕದ ಸಾಲನ್ನು ಒಂಟಿಯಾಗಿ ನೋಡಬೇಡಿ. ಒಂದೇ ಇಲಾಖೆಯ ಐದು ವರ್ಷದ ಅಂಕಿ ತೆಗೆದುಕೊಳ್ಳಿ. ಶುಲ್ಕ, ಸಂಬಳ, ಹೊರಗುತ್ತಿಗೆ, ಮಂಜೂರಾದ ಹುದ್ದೆ, ಖಾಲಿ ಹುದ್ದೆ, ಈ ಐದನ್ನೂ ಅಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಶುಲ್ಕ ಇಳಿದ ವರ್ಷವೇ ಹೊರಗುತ್ತಿಗೆ ಏರಿದ್ದರೆ ಹೆಸರು ಮಾತ್ರ ಬದಲಾಗಿದೆ ಎಂದು ಅರ್ಥ. ಖಾಲಿ ಹುದ್ದೆ ಏರಿದಂತೆ ಶುಲ್ಕವೂ ಏರಿದ್ದರೆ ನಾನು ಹೇಳಿದ ಕುರ್ಚಿ ಅಲ್ಲೇ ಇದೆ. ಎರಡೂ ಇಳಿದಿದ್ದು ಕೆಲಸವೂ ನಡೆಯುತ್ತಿದ್ದರೆ, ಆ ಇಲಾಖೆಯನ್ನು ಮನಸಾರೆ ಮೆಚ್ಚಿಕೊಳ್ಳಿ. ಅಂಥವೂ ಇವೆ.

ಮಾಹಿತಿ ಹಕ್ಕಿನ ಕಾನೂನು ಇರುವ ಕಡೆ ಒಂದೊಂದೇ ಗುತ್ತಿಗೆಯನ್ನು ಹಿಡಿದು ಕೇಳಬಹುದು. ಈ ಗುತ್ತಿಗೆ ಎಷ್ಟನೇ ಸಲ ಮುಂದುವರಿದಿದೆ? ಒಳಗೆ ಪರಿಣತಿ ಇಲ್ಲ ಎಂದು ಬರೆದ ಟಿಪ್ಪಣಿ ಎಲ್ಲಿದೆ? ವರದಿ ಬಂದ ಮೇಲೆ ಅದನ್ನು ಓದಿ ಒಪ್ಪಿಕೊಂಡವರ ಹುದ್ದೆ ಯಾವುದು, ಅವರು ಎತ್ತಿದ ಆಕ್ಷೇಪಗಳೇನು? ಒಂದು ಆಕ್ಷೇಪವೂ ಇಲ್ಲದೆ ಪೂರ್ತಿ ಬಿಲ್ ಪಾಸಾಗಿದ್ದರೆ, ಆ ವರದಿಯನ್ನು ಯಾರೂ ಓದಿಲ್ಲ ಎಂದು ನಾನಾದರೆ ಅನುಮಾನ ಪಡುತ್ತೇನೆ. ಮತ್ತೆ, ಆ ಸಲಹೆಯಿಂದ ಯಾವ ಆದೇಶ ಹೊರಟಿತು, ಯಾವ ತೀರ್ಮಾನ ಬದಲಾಯಿತು ಎಂದೂ ಕೇಳಿ.

ದರ ಕೇಳಿದಾಗ ‘ಅದು ವ್ಯಾಪಾರದ ಗುಟ್ಟು’ ಎಂಬ ಉತ್ತರ ಬರುವುದುಂಟು. ಅಲ್ಲಿಗೆ ಬಿಡಬೇಡಿ. ಎಷ್ಟು ಜನ, ಎಷ್ಟು ದಿನ, ಯಾವ ಕೆಲಸಕ್ಕೆ ಎಂದು ಕೇಳಿ. ಅದರಲ್ಲಿ ಯಾರ ಗುಟ್ಟೂ ಇಲ್ಲ. ಒಟ್ಟು ಮೊತ್ತ ಹೇಗೂ ಲೆಕ್ಕಪತ್ರದಲ್ಲಿ ಇರುತ್ತದೆ. ಅದನ್ನು ದಿನಗಳಿಂದ ಭಾಗಿಸಿದರೆ ದರ ನಿಮ್ಮ ಕೈಗೇ ಸಿಗುತ್ತದೆ.